ಕಡತದಲ್ಲಿ ಉಳಿದುಹೋದ ಪದ: ಪೆನಿಸಿಲಿನ್ ಅಲರ್ಜಿ ಮತ್ತು ಪರೀಕ್ಷೆಯ ಹಕ್ಕು



ಪರ್ತ್, ಬ್ರಿಸ್ಬೇನ್, ಅಡಿಲೇಡ್ ಈ ಮೂರರಲ್ಲಿ ಯಾವ ನಗರದ ಆಸ್ಪತ್ರೆಗೆ ದಾಖಲಾಗಲು ಹೋದರೂ, ಹೆಸರು ಮತ್ತು ಹುಟ್ಟಿದ ದಿನ ಕೇಳಿದ ಬೆನ್ನಲ್ಲೇ ಬರುವ ಪ್ರಶ್ನೆಯೊಂದಿದೆ: ಯಾವುದಾದರೂ ಔಷಧಿಗೆ ಅಲರ್ಜಿ ಇದೆಯೇ? ಹೀಗೆ ಕೇಳಿಸಿಕೊಂಡ 10 ಜನರಲ್ಲಿ ಸುಮಾರು ಒಬ್ಬರು 'ಪೆನಿಸಿಲಿನ್' ಎಂದು ಉತ್ತರಿಸುತ್ತಾರೆ. ಉತ್ತರ ಕಡತಕ್ಕೆ ಸೇರುತ್ತದೆ. ಮುಂದಿನ ವೈದ್ಯರು ಆ ಕಡತದಿಂದ ನಕಲು ಮಾಡಿಕೊಳ್ಳುತ್ತಾರೆ, ಅವರ ನಂತರದವರು ಅವರ ಕಡತದಿಂದ. ಇಪ್ಪತ್ತು ಮೂವತ್ತು ವರ್ಷಗಳ ಕಾಲ ಆ ಪದ ಮನುಷ್ಯನ ಜೊತೆಯಲ್ಲೇ ನಡೆಯುತ್ತದೆ. ಅದು ನಿಜವೇ ಎಂದು ಬಹುಪಾಲು ಯಾರೂ ಪರೀಕ್ಷಿಸಿರುವುದಿಲ್ಲ.

ಪರೀಕ್ಷಿಸಿದಾಗ ಕಂಡುಬರುವುದು ಬೇರೆಯದೇ ಚಿತ್ರ. ಪೆನಿಸಿಲಿನ್ ಅಲರ್ಜಿ ಎಂಬ ಹಣೆಪಟ್ಟಿ ಹೊತ್ತವರನ್ನು ವಿಧಿವತ್ತಾಗಿ ಪರೀಕ್ಷೆಗೆ ಒಳಪಡಿಸಿದರೆ, 100ರಲ್ಲಿ 90ಕ್ಕೂ ಹೆಚ್ಚು ಮಂದಿ ಆ ಔಷಧಿಯನ್ನು ಯಾವ ತೊಂದರೆಯೂ ಇಲ್ಲದೆ ತೆಗೆದುಕೊಳ್ಳಬಲ್ಲರು. ಎಂದರೆ ಜಗತ್ತಿನ ಆಸ್ಪತ್ರೆಗಳಲ್ಲಿ ಅತಿ ಹೆಚ್ಚು ಬಾರಿ ಬರೆಯಲ್ಪಡುವ ಔಷಧ ಅಲರ್ಜಿಯೇ ಬಹುಪಾಲು ತಪ್ಪಾದ ದಾಖಲೆ. ಈ ಉಪನ್ಯಾಸದ ವಾದ ಇಷ್ಟು: ಆ ಪದವನ್ನು ಪರೀಕ್ಷೆಗೊಡ್ಡುವುದು ಪ್ರತಿಯೊಬ್ಬ ರೋಗಿಯ ಹಕ್ಕು; ಇಂದು ಆ ಹಕ್ಕು ಎಲ್ಲರಿಗೂ ಸಮನಾಗಿ ಸಿಗುತ್ತಿಲ್ಲ; ಅದರ ದಂಡವನ್ನು ತೆರುತ್ತಿರುವವರು ಮೊದಲೇ ಹಿಂದುಳಿದವರು.

ಹಣೆಪಟ್ಟಿ ಅಂಟುವುದು ಹೇಗೆ? ಮಗುವಿಗೆ ಜ್ವರ, ಗಂಟಲುನೋವು. ವೈದ್ಯರು ಅಮಾಕ್ಸಿಸಿಲಿನ್ ಸಿರಪ್ ಕೊಡುತ್ತಾರೆ. ಮೂರನೆಯ ದಿನ ಮೈಮೇಲೆ ದದ್ದು ಏಳುತ್ತದೆ. ಆ ದದ್ದು ವೈರಸ್ಸಿನದೇ ಆಗಿರುವ ಸಾಧ್ಯತೆ ಹೆಚ್ಚು, ಆದರೆ ಆರೋಪ ಬರುವುದು ಔಷಧಿಯ ಮೇಲೆ. ಇನ್ನೊಬ್ಬರಿಗೆ ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸಿತು, ಭೇದಿಯಾಯಿತು. ಅದು ಅಡ್ಡಪರಿಣಾಮ, ಅಲರ್ಜಿಯಲ್ಲ. ಮತ್ತೊಬ್ಬರಿಗೆ ತಾಯಿಗೆ ಅಲರ್ಜಿ ಇತ್ತು ಎಂಬ ಕಾರಣಕ್ಕೇ ಹೆಸರು ಬಿದ್ದಿರುತ್ತದೆ. ನಿಜವಾದ ಅಲರ್ಜಿ ಇದ್ದವರಲ್ಲೂ ದೇಹ ಅದನ್ನು ಕ್ರಮೇಣ ಮರೆಯುತ್ತದೆ. ತಕ್ಷಣದ ಅಲರ್ಜಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ 5 ವರ್ಷಗಳಲ್ಲಿ, 100ರಲ್ಲಿ 80ರಷ್ಟು ಜನ 10 ವರ್ಷಗಳಲ್ಲಿ ಅದನ್ನು ಕಳೆದುಕೊಂಡಿರುತ್ತಾರೆ. ದೇಹ ಮರೆತರೂ ಕಡತ ಮರೆಯುವುದಿಲ್ಲ.

ಈ ಕಥೆಯ ಒಂದು ತುದಿ ಅಡಿಲೇಡಿನಲ್ಲಿದೆ. 1898ರಲ್ಲಿ ಆ ನಗರದಲ್ಲಿ ಹುಟ್ಟಿ, ಅಡಿಲೇಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದವನು ಹೊವಾರ್ಡ್ ಫ್ಲೋರಿ. ಲಂಡನ್ನಿನಲ್ಲಿ 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗಮನಿಸಿದ ಬೂಷ್ಟಿನ ರಸವನ್ನು ಔಷಧಿಯನ್ನಾಗಿ ಮಾಡಿದ್ದು ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮತ್ತು ಅವರ ಸಂಗಡಿಗರು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಅದನ್ನು ಕೊಟ್ಟಾಗ ಆತ ಚೇತರಿಸಿಕೊಳ್ಳತೊಡಗಿದ. ಆದರೆ ಔಷಧಿ ಸಾಲಲಿಲ್ಲ. ಅವನ ಮೂತ್ರದಿಂದಲೇ ಪೆನಿಸಿಲಿನ್ ಅನ್ನು ಮರಳಿ ಬಸಿದು ಕೊಟ್ಟರೂ ಅವನು ಉಳಿಯಲಿಲ್ಲ. 1944ರ ಹೊತ್ತಿಗೆ ಮೆಲ್ಬರ್ನಿನ ಸರ್ಕಾರಿ ಸೀರಮ್ ಪ್ರಯೋಗಾಲಯ ಪೆನಿಸಿಲಿನ್ ತಯಾರಿಸತೊಡಗಿತು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಬಂದಿತು. 1973ರಲ್ಲಿ ಬಂದ ಆಸ್ಟ್ರೇಲಿಯದ 50 ಡಾಲರ್ ನೋಟಿನ ಮೇಲೆ ಫ್ಲೋರಿಯ ಮುಖವಿತ್ತು.

ಇನ್ನೊಂದು ತುದಿ ಭಾರತದಲ್ಲಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಜೀವ ಉಳಿಸುವ ಔಷಧಿ ಖಾಸಗಿ ಲಾಭದ ಸರಕಾಗಬಾರದು ಎಂಬ ನಂಬಿಕೆಯಿಂದ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸಾರ್ವಜನಿಕ ಕಾರ್ಖಾನೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅದಕ್ಕೆ ನೆರವಾದವು. ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ 1981ರಲ್ಲಿ ಅದೇ ಪರಂಪರೆಯಲ್ಲಿ ಆರಂಭವಾಯಿತು. ಎರಡು ಖಂಡಗಳಲ್ಲಿ ಸಾರ್ವಜನಿಕ ಹಣದಿಂದ, ಸಾರ್ವಜನಿಕ ಉದ್ದೇಶದಿಂದ ತಯಾರಾದ ಅಗ್ಗದ ಔಷಧಿಯೊಂದು ಒಂದು ತಪ್ಪು ಪದದ ಕಾರಣ ಬೇಕಾದವರ ಕೈಗೆ ಸಿಗದೆ ಹೋಗುವುದು ಬರಿಯ ವೈದ್ಯಕೀಯ ಸಂಗತಿಯಾಗಿ ಉಳಿಯುವುದಿಲ್ಲ.

ಹಾಗಾದರೆ ಪ್ರಯೋಗಾಲಯ ಏನು ಹೇಳಬಲ್ಲದು? ಮೊದಲು ದೇಹದೊಳಗೆ ನಡೆಯುವುದನ್ನು ನೋಡಬೇಕು. ಪೆನಿಸಿಲಿನ್ ಅಣು ಬಹಳ ಚಿಕ್ಕದು, ತಾನಾಗಿ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಆದರೆ ಅದರ ಬೀಟಾ-ಲ್ಯಾಕ್ಟಮ್ ಉಂಗುರ ಬಿಚ್ಚಿಕೊಂಡು ರಕ್ತದ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಹೀಗೆ ವೇಷ ಬದಲಿಸಿದ ಪ್ರೋಟೀನನ್ನು ಕೆಲವರ ದೇಹ ಶತ್ರುವೆಂದು ತಿಳಿದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮುಂದಿನ ಸಲ ಔಷಧಿ ಒಳಹೊಕ್ಕಾಗ ಆ ಪ್ರತಿಕಾಯ ಮಾಸ್ಟ್ ಜೀವಕೋಶಗಳನ್ನು ಕೆರಳಿಸುತ್ತದೆ. ನಿಮಿಷಗಳಲ್ಲಿ ಪಿತ್ತಗಂಧೆ ಏಳಬಹುದು, ತುಟಿ ಊದಬಹುದು, ಉಸಿರು ಕಟ್ಟಬಹುದು, ರಕ್ತದೊತ್ತಡ ಕುಸಿಯಬಹುದು. ಇದೇ ಅನಾಫಿಲ್ಯಾಕ್ಸಿಸ್. ಐಜಿಇಯನ್ನು 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಇಷಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನಿಚ್ ಪ್ರತ್ಯೇಕವಾಗಿ ಕಂಡುಹಿಡಿದರು. ಅಂದಿನಿಂದ ರಕ್ತದಲ್ಲಿ ಅದನ್ನು ಅಳೆಯುವ ಹಾದಿ ತೆರೆಯಿತು.

ಇಂದು ಜಿ.ಪಿ. ಬರೆದುಕೊಡುವ ರಕ್ತ ಪರೀಕ್ಷೆ ಆ ಹಾದಿಯದೇ. ಪರ್ತಿನ ಪಾತ್‌ವೆಸ್ಟ್, ಬ್ರಿಸ್ಬೇನಿನ ಹರ್ಸ್ಟನ್ನಿನಲ್ಲಿರುವ ಪ್ಯಾಥಾಲಜಿ ಕ್ವೀನ್ಸ್‌ಲ್ಯಾಂಡ್, ಅಡಿಲೇಡಿನ ಎಸ್‌ಎ ಪ್ಯಾಥಾಲಜಿ ಈ ಮೂರೂ ಸಾರ್ವಜನಿಕ ಪ್ರಯೋಗಾಲಯಗಳು ಆಯಾ ರಾಜ್ಯದ ಬೆನ್ನೆಲುಬು. ಆದರೆ ಪೆನಿಸಿಲಿನ್ನಿನ ಐಜಿಇ ರಕ್ತ ಪರೀಕ್ಷೆಗೆ ದೊಡ್ಡ ಮಿತಿಯಿದೆ. ಪ್ರತಿಕಾಯ ಕಂಡರೆ ಅದು ಒಂದು ಸುಳಿವು. ಕಾಣದಿದ್ದರೆ ಅಲರ್ಜಿ ಇಲ್ಲವೆಂದು ಅರ್ಥವಲ್ಲ. ನಿಜವಾದ ಅಲರ್ಜಿ ಇರುವ ಅನೇಕರನ್ನು ಅದು ಹಿಡಿಯುವುದೇ ಇಲ್ಲ. ಕೆಲವು ಗಂಟೆ ಅಥವಾ ದಿನಗಳ ನಂತರ ಏಳುವ, ಟಿ-ಜೀವಕೋಶಗಳಿಂದ ಉಂಟಾಗುವ ಅಲರ್ಜಿಯ ಬಗ್ಗೆ ಅದು ಏನನ್ನೂ ಹೇಳಲಾರದು. ಬೇಸೋಫಿಲ್ ಎಂಬ ಜೀವಕೋಶಗಳನ್ನು ಔಷಧಿಯೊಡನೆ ಸೇರಿಸಿ ಅವು ಕೆರಳುತ್ತವೆಯೇ ಎಂದು ನೋಡುವ ಪರೀಕ್ಷೆಯಿದೆ. ಅದಕ್ಕೆ ತಾಜಾ ರಕ್ತ ಬೇಕು, ಪರಿಣತರು ಬೇಕು, ಅದು ಹೆಚ್ಚಿನ ಕಡೆ ಸಂಶೋಧನೆಯ ಮಟ್ಟದಲ್ಲೇ ಉಳಿದಿದೆ. ಟ್ರಿಪ್ಟೇಸ್ ಎಂಬ ಪರೀಕ್ಷೆ ನಿಜಕ್ಕೂ ಉಪಯುಕ್ತ, ಆದರೆ ಅದಕ್ಕೆ ಕಾಲವೇ ಮುಖ್ಯ. ಪ್ರತಿಕ್ರಿಯೆ ನಡೆದ ಒಂದರಿಂದ ನಾಲ್ಕು ಗಂಟೆಗಳೊಳಗೆ ರಕ್ತ ತೆಗೆಯಬೇಕು, ಒಂದು ದಿನ ಕಳೆದ ಮೇಲೆ ಮತ್ತೆ ತೆಗೆದು ಹೋಲಿಸಬೇಕು. ಶಸ್ತ್ರಚಿಕಿತ್ಸೆಯ ನಡುವೆ ಹತ್ತು ಔಷಧಿಗಳು ಒಟ್ಟಿಗೆ ಹೋಗಿ ರೋಗಿ ಕುಸಿದಾಗ, ನಡೆದದ್ದು ಅನಾಫಿಲ್ಯಾಕ್ಸಿಸ್ ಹೌದೇ ಎಂಬುದಕ್ಕೆ ಅದು ಸಾಕ್ಷಿ ಹೇಳುತ್ತದೆ. ಯಾವ ಔಷಧಿಯಿಂದ ಎಂಬುದನ್ನು ಹೇಳುವುದಿಲ್ಲ.

ಆದ್ದರಿಂದ ಅಲರ್ಜಿ ತಜ್ಞರು ಚರ್ಮ ಪರೀಕ್ಷೆಯತ್ತ ತಿರುಗುತ್ತಾರೆ. ಪೆನಿಸಿಲಿನ್ ಒಡೆದಾಗ ಉಂಟಾಗುವ ಅಂಶಗಳನ್ನು ಅಳತೆಗೆ ತಕ್ಕಂತೆ ತೆಳುವಾಗಿಸಿ, ಮೊದಲು ಚುಚ್ಚಿ, ನಂತರ ಚರ್ಮದ ಪದರದೊಳಗೆ ಕಡಲೆಗಿಂತ ಸಣ್ಣ ಗುಳ್ಳೆಯಷ್ಟು ಹಾಕಿ, ಹಿಸ್ಟಮಿನ್ ಮತ್ತು ಬರಿಯ ಉಪ್ಪುನೀರಿನ ಗುಳ್ಳೆಗಳ ಜೊತೆ ಹೋಲಿಸುತ್ತಾರೆ. ಅದರಲ್ಲಿ ಏನೂ ಕಾಣದಿದ್ದರೆ ಕೊನೆಯ ಹೆಜ್ಜೆ: ಅಡ್ರಿನಲಿನ್ ಕೈಗೆಟಕುವಂತೆ ಇಟ್ಟುಕೊಂಡು, ಔಷಧಿಯ ಒಂದು ಪ್ರಮಾಣವನ್ನು ಬಾಯಿಯ ಮೂಲಕ ಕೊಟ್ಟು ಕಾಯುವುದು. ಅಂತಿಮ ತೀರ್ಪು ಸಿಗುವುದು ಅಲ್ಲಿಯೇ.

ಭಾರತದಲ್ಲಿ ಬೆಳೆದವರಿಗೆ ಇಲ್ಲಿ 'ಟೆಸ್ಟ್ ಡೋಸ್' ನೆನಪಾಗುವುದು ಸಹಜ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಮುಂಗೈಗೆ ಅದೇ ಔಷಧಿಯ ಒಂದು ಹನಿ ಚುಚ್ಚಿ, ಪೆನ್ನಿನಿಂದ ಸುತ್ತ ಗೆರೆ ಎಳೆದು, ಸ್ವಲ್ಪ ಹೊತ್ತು ಕೂರಿಸುವುದು. ಉದ್ದೇಶ ಒಳ್ಳೆಯದೇ. ಆದರೆ ಹೋಲಿಕೆಯ ಗುಳ್ಳೆಗಳಿಲ್ಲ, ಔಷಧಿಯನ್ನು ಎಷ್ಟು ತೆಳುವಾಗಿಸಬೇಕೆಂಬ ನಿಯಮ ಹಲವೆಡೆ ಪಾಲನೆಯಾಗುವುದಿಲ್ಲ. ಔಷಧಿಯ ಉರಿಯಿಂದಲೇ ಚರ್ಮ ಕೆಂಪಾದರೂ 'ಅಲರ್ಜಿ' ಎಂದು ಬರೆಯಲಾಗುತ್ತದೆ. ಕೆಂಪಾಗದಿದ್ದರೆ ಸುಳ್ಳು ಧೈರ್ಯ ಬರುತ್ತದೆ. ಹೀಗೆ ಹುಟ್ಟಿದ ಪದವೊಂದು ಮುಂದೆ ವಿಮಾನ ಹತ್ತಿ ಪರ್ತಿನ ಕಡತದಲ್ಲೂ ಬಂದು ಕೂರುತ್ತದೆ.

ಪರ್ತ್ ಈ ವಿಷಯದಲ್ಲಿ ಪ್ರಯೋಗಾಲಯದ ಶಕ್ತಿಯನ್ನೂ ತೋರಿಸಿದ ನಗರ. ಎಚ್‌ಐವಿಗೆ ಕೊಡುವ ಅಬಾಕವಿರ್ ಎಂಬ ಔಷಧಿ ಕೆಲವರಲ್ಲಿ ಅಪಾಯಕಾರಿ ಅತಿಸಂವೇದನೆಯನ್ನು ಉಂಟುಮಾಡುತ್ತಿತ್ತು. ಅದು ಆಂಟಿಬಯಾಟಿಕ್ ಅಲ್ಲ, ವೈರಸ್ ವಿರುದ್ಧದ ಔಷಧಿ. ಆದರೆ ಪಾಠ ಒಂದೇ. 2002ರಲ್ಲಿ ರಾಯಲ್ ಪರ್ತ್ ಆಸ್ಪತ್ರೆ ಮತ್ತು ಮರ್ಡಾಕ್ ವಿಶ್ವವಿದ್ಯಾಲಯದ ಸೈಮನ್ ಮಲ್ಲಾಲ್ ಮತ್ತು ಸಂಗಡಿಗರು, ಎಚ್‌ಎಲ್‌ಎ-ಬಿ 57:01 ಎಂಬ ವಂಶವಾಹಿ ರೂಪ ಇರುವವರಲ್ಲಿ ಆ ಪ್ರತಿಕ್ರಿಯೆ ಬಹಳ ಹೆಚ್ಚಾಗಿ ಬರುವುದನ್ನು ತೋರಿಸಿದರು. 2008ರಲ್ಲಿ ಪ್ರಕಟವಾದ, 19 ದೇಶಗಳ 1956 ರೋಗಿಗಳ ಅಧ್ಯಯನದಲ್ಲಿ, ಮೊದಲೇ ವಂಶವಾಹಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಚರ್ಮದ ಪರೀಕ್ಷೆಯಿಂದ ಖಚಿತಪಟ್ಟ ಪ್ರತಿಕ್ರಿಯೆ ಒಂದೂ ಕಾಣಲಿಲ್ಲ. ಪರೀಕ್ಷೆ ಮಾಡದ ಗುಂಪಿನಲ್ಲಿ ಅದು 100ಕ್ಕೆ 2.7ರಷ್ಟಿತ್ತು. ಇಂದು ಆ ಪರೀಕ್ಷೆ ಇಲ್ಲದೆ ಆ ಔಷಧಿ ಕೊಡುವುದಿಲ್ಲ. ಆಂಟಿಬಯಾಟಿಕ್‌ಗಳಲ್ಲೂ ಇಂಥ ಸುಳಿವುಗಳು ದೊರೆಯುತ್ತಿವೆ: ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಬಗ್ಗೆ 2013ರಲ್ಲಿ ಚೀನಾದಿಂದ, ವ್ಯಾಂಕೋಮೈಸಿನ್ನಿನ ಒಂದು ಘೋರ ಪ್ರತಿಕ್ರಿಯೆಯ ಬಗ್ಗೆ 2019ರಲ್ಲಿ ಅಮೆರಿಕದಿಂದ. ಪೆನಿಸಿಲಿನ್ನಿಗೆ ಮಾತ್ರ ಅಂಥ ಒಂದೇ ನಿರ್ಣಾಯಕ ವಂಶವಾಹಿ ಇಲ್ಲ. 2020ರಲ್ಲಿ ಕಂಡುಬಂದ ಸಂಬಂಧವೊಂದು ದುರ್ಬಲವಾದದ್ದು, ಅದೂ ಐರೋಪ್ಯ ಮೂಲದವರ ದತ್ತಾಂಶದಿಂದ ಬಂದದ್ದು. ಯಾರ ರಕ್ತದ ಮೇಲೆ ವಿಜ್ಞಾನ ಕಟ್ಟಲ್ಪಡುತ್ತದೆ ಎಂಬ ಪ್ರಶ್ನೆ ಕನ್ನಡಿಗರಿಗೂ ಸಂಬಂಧಿಸಿದ್ದು.

ಪೆನಿಸಿಲಿನ್ ವಿಷಯದಲ್ಲಿ ದೊಡ್ಡ ಮುನ್ನಡೆ ಬಂದದ್ದು ಯಂತ್ರದಿಂದಲ್ಲ, ಸರಿಯಾಗಿ ಕೇಳಿದ ಮೂರು ಪ್ರಶ್ನೆಗಳಿಂದ. ಮೆಲ್ಬರ್ನಿನ ಜೇಸನ್ ಟ್ರುಬಿಯಾನೊ ಮತ್ತು ಸಂಗಡಿಗರು 2020ರಲ್ಲಿ 'ಪೆನ್-ಫಾಸ್ಟ್' ಎಂಬ ಅಂಕಪಟ್ಟಿಯನ್ನು ಪ್ರಕಟಿಸಿದರು. ಪ್ರತಿಕ್ರಿಯೆ ನಡೆದು 5 ವರ್ಷದೊಳಗಾಗಿದ್ದರೆ 2 ಅಂಕ. ಅನಾಫಿಲ್ಯಾಕ್ಸಿಸ್, ಮುಖ-ತುಟಿಗಳ ಊತ ಅಥವಾ ಚರ್ಮದ ತೀವ್ರ ಪ್ರತಿಕ್ರಿಯೆ ಆಗಿದ್ದರೆ 2 ಅಂಕ. ಆಗ ಚಿಕಿತ್ಸೆ ಬೇಕಾಗಿದ್ದರೆ 1 ಅಂಕ. ಒಟ್ಟು 3ಕ್ಕಿಂತ ಕಡಿಮೆ ಇದ್ದರೆ ನಿಜವಾದ ಅಲರ್ಜಿಯ ಸಾಧ್ಯತೆ 100ಕ್ಕೆ 5ಕ್ಕಿಂತ ಕಡಿಮೆ. ಮೆಲ್ಬರ್ನಿನ 622 ರೋಗಿಗಳಿಂದ ರೂಪುಗೊಂಡ ಈ ಅಂಕಪಟ್ಟಿಯನ್ನು ಸಿಡ್ನಿ, ಪರ್ತ್ ಮತ್ತು ಅಮೆರಿಕದ ನ್ಯಾಶ್‌ವಿಲ್‌ನ 945 ರೋಗಿಗಳ ದಾಖಲೆಗಳ ಮೇಲೆ ಒರೆಗೆ ಹಚ್ಚಲಾಯಿತು. 2023ರಲ್ಲಿ ಪ್ರಕಟವಾದ ಪ್ಯಾಲೇಸ್ ಎಂಬ ಪ್ರಯೋಗದಲ್ಲಿ, ಆಸ್ಟ್ರೇಲಿಯ ಮತ್ತು ಉತ್ತರ ಅಮೆರಿಕದ 382 ಕಡಿಮೆ ಅಪಾಯದ ವಯಸ್ಕರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಚರ್ಮ ಪರೀಕ್ಷೆಯ ನಂತರ, ಇನ್ನೊಂದಕ್ಕೆ ನೇರವಾಗಿ ಬಾಯಿಯ ಮೂಲಕ ಪೆನಿಸಿಲಿನ್ ಕೊಟ್ಟರು. ಎರಡೂ ಗುಂಪುಗಳಲ್ಲಿ ತಲಾ ಒಬ್ಬರಲ್ಲಿ ಮಾತ್ರ ಅಲರ್ಜಿಯ ಪ್ರತಿಕ್ರಿಯೆ ಕಂಡಿತು.

ಇದರ ರಾಜಕೀಯ ಅರ್ಥವನ್ನು ಗಮನಿಸಬೇಕು. ಇದುವರೆಗೆ ಹಣೆಪಟ್ಟಿ ಕಳಚಲು ಮಹಾನಗರದ ತಜ್ಞರೇ ಬೇಕಿತ್ತು, ಸಾರ್ವಜನಿಕ ಆಸ್ಪತ್ರೆಯ ಸರದಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಣವಿದ್ದವರು ಖಾಸಗಿಗೆ ಹೋದರು, ಉಳಿದವರು ಹಣೆಪಟ್ಟಿಯೊಡನೆ ಉಳಿದರು. ಕಡಿಮೆ ಅಪಾಯದವರ ಪರೀಕ್ಷೆಯನ್ನು ತರಬೇತಿ ಪಡೆದ ಜಿ.ಪಿ., ನರ್ಸ್, ಫಾರ್ಮಸಿಸ್ಟ್‌ಗಳು ತುರ್ತು ಸಿದ್ಧತೆ ಇರುವ ಸ್ಥಳೀಯ ಆಸ್ಪತ್ರೆಯಲ್ಲಿ ನಡೆಸುವಂತಾದರೆ ಆ ಬಾಗಿಲು ಎಲ್ಲರಿಗೂ ತೆರೆಯುತ್ತದೆ. ಬ್ರೂಮಿನಿಂದ ಪರ್ತಿಗೆ ರಸ್ತೆಯಲ್ಲಿ 2000 ಕಿಲೋಮೀಟರಿಗೂ ಹೆಚ್ಚು. ಮೌಂಟ್ ಐಸಾದಿಂದ ಬ್ರಿಸ್ಬೇನಿಗೆ ಸುಮಾರು 1800. ಆಲಿಸ್ ಸ್ಪ್ರಿಂಗ್ಸ್‌ನಿಂದ ಅಡಿಲೇಡಿಗೆ ಸುಮಾರು 1500. ಇಷ್ಟು ದೂರದವರಿಗೆ 'ತಜ್ಞರನ್ನು ಕಾಣಿರಿ' ಎಂಬ ಸಲಹೆ ಸಲಹೆಯೇ ಅಲ್ಲ.

ಪೆನಿಸಿಲಿನ್ ಯಾರಿಗೆ ಅತ್ಯಗತ್ಯ ಎಂಬುದನ್ನು ನೋಡಿದರೆ ಈ ದೂರದ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ. 2011ರ ಆರಂಭದಲ್ಲಿ ಕ್ವೀನ್ಸ್‌ಲ್ಯಾಂಡಿನ ವಾಯವ್ಯ ಭಾಗದ ಮೂಲನಿವಾಸಿ ಸಮುದಾಯಗಳ ಯುವಜನರಲ್ಲಿ ಸಿಫಿಲಿಸ್ ಹರಡತೊಡಗಿತು. 2013ರಲ್ಲಿ ಅದು ನಾರ್ದರ್ನ್ ಟೆರಿಟರಿಯನ್ನು, 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕಿಂಬರ್ಲಿಯನ್ನು, 2016ರಲ್ಲಿ ದಕ್ಷಿಣ ಆಸ್ಟ್ರೇಲಿಯವನ್ನು ಮುಟ್ಟಿತು. ಎಂದರೆ ಇಂದು ಹೆಸರಿಸುತ್ತಿರುವ ಮೂರು ನಗರಗಳ ಮೂರೂ ರಾಜ್ಯಗಳನ್ನು. ಗರ್ಭಿಣಿಗೆ ಸಿಫಿಲಿಸ್ ಇದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು ಅಥವಾ ಸೋಂಕಿನೊಡನೆ ಹುಟ್ಟಬಹುದು. ಗರ್ಭಾವಸ್ಥೆಯಲ್ಲಿ ತಾಯಿ-ಮಗು ಇಬ್ಬರನ್ನೂ ಉಳಿಸುವ ಭರವಸೆಯ ಔಷಧಿ ಪೆನಿಸಿಲಿನ್ ಒಂದೇ. ನಿಜವಾದ ಅಲರ್ಜಿ ಇದ್ದರೂ ಗಂಟೆಗಳ ಕಾಲ ಅತ್ಯಲ್ಪ ಪ್ರಮಾಣದಿಂದ ಏರಿಸುತ್ತಾ ದೇಹವನ್ನು ಒಗ್ಗಿಸಿ ಅದನ್ನೇ ಕೊಡಬೇಕಾಗುತ್ತದೆ. ಆ ಗರ್ಭಿಣಿಯ ಕಡತದಲ್ಲಿ ಬಾಲ್ಯದ ದದ್ದಿನಿಂದ ಅಂಟಿದ ಸುಳ್ಳು ಪದವೊಂದಿದ್ದರೆ, ಕಳೆದುಹೋಗುವ ಪ್ರತಿ ದಿನವೂ ಮಗುವಿನದು.

ರುಮ್ಯಾಟಿಕ್ ಹೃದ್ರೋಗದ ಕಥೆಯೂ ಹೀಗೆಯೇ. ಇಕ್ಕಟ್ಟಾದ ಮನೆ, ಮತ್ತೆ ಮತ್ತೆ ಬರುವ ಗಂಟಲು ಮತ್ತು ಚರ್ಮದ ಸೋಂಕು, ಆಮೇಲೆ ಹೃದಯದ ಕವಾಟ ಹಾಳಾಗುವುದು. ಇದು ಬಡತನದ ರೋಗ. ಶ್ರೀಮಂತ ಆಸ್ಟ್ರೇಲಿಯದಲ್ಲಿ ಅದು ಹೆಚ್ಚೂಕಡಿಮೆ ಮರೆಯಾಗಿದೆ, ಮೂಲನಿವಾಸಿಗಳಲ್ಲಿ ಮಾತ್ರ ಜಗತ್ತಿನ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಉಳಿದಿದೆ. ತಡೆಯಲು ಬೇಕಾದದ್ದು ವರ್ಷಗಟ್ಟಲೆ, ಮೂರು-ನಾಲ್ಕು ವಾರಕ್ಕೊಮ್ಮೆ ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್. ಕರ್ನಾಟಕದಲ್ಲೂ ಇದು ಅಪರಿಚಿತ ರೋಗವಲ್ಲ. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಕವಾಟ ಕಿರಿದಾಗಿ ಬರುವ ಹಳ್ಳಿಯ ಹೆಣ್ಣುಮಕ್ಕಳು ಅದಕ್ಕೆ ಸಾಕ್ಷಿ. ಇಂಜೆಕ್ಷನ್ನಿನ ನಂತರ ಸಾವು ಸಂಭವಿಸಿದಾಗಲೆಲ್ಲ ಅದನ್ನು ಅಲರ್ಜಿ ಎಂದೇ ಭಾವಿಸಿ, ಹಲವು ವೈದ್ಯರು ಆ ಇಂಜೆಕ್ಷನ್ ಕೊಡಲು ಹೆದರಿದರು. ಆದರೆ 2022ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೊರಡಿಸಿದ ಸಲಹೆ ಬೇರೆಯದನ್ನು ಹೇಳಿತು: ತೀವ್ರ ಕವಾಟರೋಗ ಇರುವವರಲ್ಲಿ ಇಂಥ ಸಾವುಗಳಿಗೆ ಅಲರ್ಜಿಗಿಂತ ಹೃದಯದ ದುರ್ಬಲತೆಯೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಪರೀಕ್ಷಿಸದ ಭಯ ಉಪಚಾರವನ್ನೇ ಕಸಿದುಕೊಂಡ ಉದಾಹರಣೆ ಇದು.

ಹಣೆಪಟ್ಟಿಯ ಬೆಲೆ ಉಳಿದವರಿಗೂ ತಪ್ಪಿದ್ದಲ್ಲ. ಪೆನಿಸಿಲಿನ್ ಬಿಟ್ಟ ವೈದ್ಯರು ಹೆಚ್ಚು ವ್ಯಾಪ್ತಿಯ, ಹೆಚ್ಚು ಅಡ್ಡಪರಿಣಾಮದ ಔಷಧಿಗಳತ್ತ ಹೋಗಬೇಕಾಗುತ್ತದೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ದಾಖಲೆಗಳ ಅಧ್ಯಯನದಲ್ಲಿ, ಪೆನಿಸಿಲಿನ್ ಅಲರ್ಜಿಯೆಂದು ದಾಖಲಾದವರಿಗೆ ಔಷಧಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಸೋಂಕಿನ ಅಪಾಯ 100ಕ್ಕೆ 69ರಷ್ಟು, ಕ್ಲಾಸ್ಟ್ರಿಡಿಯಂ ಕರುಳುಬೇನೆಯ ಅಪಾಯ 100ಕ್ಕೆ 26ರಷ್ಟು ಹೆಚ್ಚಿತ್ತು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದ 2019ರಲ್ಲಿ ಜಗತ್ತಿನಾದ್ಯಂತ ನೇರವಾಗಿ ಸತ್ತವರು 12.7 ಲಕ್ಷ ಎಂದು ಅಂದಾಜು. ಒಬ್ಬರ ಕಡತದ ತಪ್ಪು ಎಲ್ಲರ ಗಾಳಿಗೆ ಸೇರುತ್ತದೆ.

ಇನ್ನು ಈ ಮೂರು ನಗರಗಳ ಕನ್ನಡ ಕುಟುಂಬಗಳ ವಿಷಯ. ಮಗಳ ಬಾಣಂತನಕ್ಕೆ, ಮಗನ ಮನೆಗೆ, ಊರಿನಿಂದ ಬರುವ ಹಿರಿಯರು ವಿಸಿಟರ್ ವೀಸಾದಲ್ಲಿ ಬರುತ್ತಾರೆ. ಅವರಿಗೆ ಮೆಡಿಕೇರ್ ಇಲ್ಲ, ಭಾರತದೊಡನೆ ಆಸ್ಟ್ರೇಲಿಯಕ್ಕೆ ಪರಸ್ಪರ ಆರೋಗ್ಯ ಒಪ್ಪಂದವೂ ಇಲ್ಲ. ನ್ಯುಮೋನಿಯ ಆಗಿ ತುರ್ತು ವಿಭಾಗಕ್ಕೆ ಹೋದಾಗ 'ಅಮ್ಮನಿಗೆ ಪೆನಿಸಿಲಿನ್ ಆಗೋದಿಲ್ಲ' ಎಂದು ಮಗ ಇಂಗ್ಲಿಷಿನಲ್ಲಿ ಹೇಳುತ್ತಾನೆ. 'ಆಗೋದಿಲ್ಲ' ಎಂಬ ಆ ಕನ್ನಡ ಮಾತಿನಲ್ಲಿ ವಾಂತಿ, ತಲೆಸುತ್ತು, ಉಷ್ಣ, ದದ್ದು, ಉಸಿರುಗಟ್ಟುವಿಕೆ ಎಲ್ಲವೂ ಅಡಗಿರಬಹುದು. ಇಂಗ್ಲಿಷಿಗೆ ಬರುವಾಗ ಅದು 'ಅಲರ್ಜಿ' ಎಂಬ ಒಂದೇ ಪದವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಹಿರಿಯರು ವಿಮಾನ ಹತ್ತುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕಾದ ಸಂಗತಿಗಳಿವೆ: ಯಾವ ಔಷಧಿ, ಮಾತ್ರೆಯೋ ಇಂಜೆಕ್ಷನ್ನೋ, ಯಾವ ವರ್ಷ, ತೆಗೆದುಕೊಂಡ ಎಷ್ಟು ಹೊತ್ತಿಗೆ ಏನಾಯಿತು, ಆಸ್ಪತ್ರೆಗೆ ಸೇರಿಸಬೇಕಾಯಿತೇ, ಆಮೇಲೆ ಎಂದಾದರೂ ಅಮಾಕ್ಸಿಸಿಲಿನ್ ತೆಗೆದುಕೊಂಡು ಏನೂ ಆಗದೆ ಇದ್ದದ್ದುಂಟೇ. ಈ ಕೊನೆಯ ಪ್ರಶ್ನೆಯೊಂದೇ ಹಲವರ ಹಣೆಪಟ್ಟಿಯನ್ನು ಕಳಚಬಲ್ಲದು.

ಎಚ್ಚರಿಕೆಯ ಮಾತೂ ಇಲ್ಲಿ ಅಗತ್ಯ. ಅನಾಫಿಲ್ಯಾಕ್ಸಿಸ್ ನಿಜ, ಅದು ಕೊಲ್ಲಬಲ್ಲದು. ಚರ್ಮ ಸುಲಿದು ಬಂದಿದ್ದರೆ, ಬಾಯಿ-ಕಣ್ಣುಗಳಲ್ಲಿ ಹುಣ್ಣಾಗಿದ್ದರೆ, ಯಕೃತ್ತು ಅಥವಾ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದ್ದರೆ ಆ ಔಷಧಿಯನ್ನು ಮತ್ತೆ ಪ್ರಯೋಗಿಸಬಾರದು. ಮನೆಯಲ್ಲಿ ಉಳಿದ ಮಾತ್ರೆ ನುಂಗಿ ನೋಡುವುದು ಪರೀಕ್ಷೆಯಲ್ಲ, ಅಪಾಯ. ಪರೀಕ್ಷೆ ಎಂದರೆ ಅಡ್ರಿನಲಿನ್ ಮತ್ತು ಅದನ್ನು ತೊಡೆಗೆ ಚುಚ್ಚಬಲ್ಲ ಕೈ ಪಕ್ಕದಲ್ಲಿರುವಾಗ ನಡೆಯುವಂಥದ್ದು. ಪರೀಕ್ಷೆಯ ನಂತರ ಅಲರ್ಜಿ ಇಲ್ಲವೆಂದು ತಿಳಿದರೆ ಆ ಫಲಿತಾಂಶ ಲಿಖಿತವಾಗಿ ಜಿ.ಪಿ., ಫಾರ್ಮಸಿ, ಆಸ್ಪತ್ರೆ ಮತ್ತು ಮೈ ಹೆಲ್ತ್ ರೆಕಾರ್ಡ್ ಈ ನಾಲ್ಕೂ ಕಡೆ ತಲುಪಬೇಕು. ಒಂದು ಕಡೆ ಉಳಿದರೂ ಹಳೆಯ ಪದ ಅಲ್ಲಿಂದ ಮತ್ತೆ ಚಿಗುರುತ್ತದೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬ ಅವರ ನಿಲುವು ನಾಡಿನಲ್ಲಿ ದೊಡ್ಡ ಚರ್ಚೆಯನ್ನೆಬ್ಬಿಸಿತು. ಆ ವಿಚಾರವಂತಿಕೆ ಬಾಬಾಗಳ ವಿಭೂತಿಗೆ ಮಾತ್ರ ಮೀಸಲಲ್ಲ. ಆಧುನಿಕ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅಚ್ಚಾಗಿರುವ ಮಾತಿಗೂ ಅದು ಅನ್ವಯಿಸಬೇಕು. ವಿಜ್ಞಾನದ ಹೆಸರಿನಲ್ಲಿ ದಾಖಲಾದ ಪದಕ್ಕೂ ಪುರಾವೆ ಕೇಳುವುದು ವಿಜ್ಞಾನಕ್ಕೆ ಸಲ್ಲಿಸುವ ಗೌರವ.

ಹೀಗೆ ಕೇಳಬೇಕಾದದ್ದು ಎರಡು ನೆಲೆಗಳಲ್ಲಿ. ಮನೆಯ ನೆಲೆಯಲ್ಲಿ, ಮುಂದಿನ ಸಲ ಜಿ.ಪಿ. ಬಳಿ ಹೋದಾಗ 'ನನ್ನ ಪೆನಿಸಿಲಿನ್ ಅಲರ್ಜಿಯನ್ನು ಪರಿಶೀಲಿಸಬಹುದೇ?' ಎಂಬ ಒಂದು ಪ್ರಶ್ನೆ. ಕಾಯಿಲೆ ಬಿದ್ದಾಗಲ್ಲ, ಆರೋಗ್ಯವಾಗಿರುವಾಗ. ಸಮುದಾಯದ ನೆಲೆಯಲ್ಲಿ, ರಾಜ್ಯೋತ್ಸವ ಯುಗಾದಿಗಳಿಗೆ ಸೇರುವ ಕನ್ನಡ ಸಂಘಗಳು ತಮ್ಮ ಶಾಸಕರಿಗೆ ಬರೆಯುವ ಪತ್ರದಲ್ಲಿ, ಅಲರ್ಜಿ ಪರೀಕ್ಷೆ ಕಿಂಬರ್ಲಿಯ, ಮೌಂಟ್ ಐಸಾದ, ಆಲಿಸ್ ಸ್ಪ್ರಿಂಗ್ಸ್‌ನ ಆಸ್ಪತ್ರೆಗಳಲ್ಲೂ ಸಿಗಬೇಕೆಂಬ ಒತ್ತಾಯ. ಮೂಲನಿವಾಸಿಗಳ ನೆಲದಲ್ಲಿ ಬಂದು ಬದುಕು ಕಟ್ಟಿಕೊಂಡವರು ತಮ್ಮ ಹಿರಿಯರಿಗಾಗಿ ಕೇಳುವ ಹಕ್ಕನ್ನು ಆ ನೆಲದ ತಾಯಂದಿರಿಗಾಗಿಯೂ ಕೇಳುವುದು ನ್ಯಾಯ.